ಸೋರದ ಮೂಲೆ

"ಲೇ ಹೊಳ್ಯಾ, ಒಳಗ ನಿಮ್ಮಕ್ಕನ ಮೈಮ್ಯಾಲ ಬೀಳಾಕತ್ತಿದ್ದು ಮಳಿ ನೀರಲ್ಲಲೇ. ಅವತ್ತ ಚಾವಡ್ಯಾಗ ನಿಂತು ಉಗುಳಿದಿಯಲ್ಲ, ಆ ನಿನ್ನ ಉಗುಳು. ಇಷ್ಟದಿನ ಮ್ಯಾಲ ಕುಂತಿತ್ತು, ಈಗ ತಟಕ್ ತಟಕ್ ಅಂತ ಇಳ್ಯಾಕತ್ತೈತಿ. ಹಿಡಿ ಬೋಗುಣಿ, ಹಿಡಿ."

ಗಿರಮಲ್ಲಪ್ಪಗೌಡರು ಇದನ್ನು ಗುಟ್ಟಾಗಿ ಹೇಳಲಿಲ್ಲ. ಕರಿಗುಂಡಿಯ ಸರಕಾರಿ ದವಾಖಾನೆಯ ಪಡಸಾಲೆಯಲ್ಲಿ, ಇದ್ದ ಒಂದೇ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಎಲೆ ಅಡಿಕೆ ಅಗಿಯುತ್ತ, ಎಲ್ಲರಿಗೂ ಕೇಳಲಿ ಎಂದೇ ಹೇಳಿದರು. ಎಲ್ಲರಿಗೂ ಕೇಳಿಸಿತು. ಕೂಸಿನ ಕೆಮ್ಮಿಗೆ ಔಷಧ ಒಯ್ಯಲು ಬಂದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಚಳಿಜ್ವರದಿಂದ ನಡುಗುತ್ತಿದ್ದ ಅನಗವಾಡಿಯವನೊಬ್ಬ ನಡುಗುತ್ತಲೇ ನಕ್ಕ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮುದುಕನೊಬ್ಬ, "ಯಾರು, ಸಿದರಾಯನ ಮಗಾ ಏನ್ರಿ ಗೌಡ್ರ?" ಎಂದು ಕೇಳಿ, ಹೌದೆಂದ ಮೇಲೆ ತಾನೂ ನಕ್ಕ.

ಹೊಳೆಪ್ಪನ ಕೈಯಲ್ಲಿ ನಿಜವಾಗಿಯೂ ಬೋಗುಣಿ ಇತ್ತು. ಒಳಗೆ ಸೋರಿದ ನೀರನ್ನು ಹೊರಗೆ ಚೆಲ್ಲಲು ಬಂದಿದ್ದ. ಅದನ್ನು ಗೌಡರ ರುಮಾಲಿನ ಮೇಲೆಯೇ ಸುರಿದುಬಿಡುವಷ್ಟು ಸಿಟ್ಟು ನೆತ್ತಿಗೇರಿತು. ಕೈ ಮುಂದಕ್ಕೆ ಹೋಯಿತು ಕೂಡ. ಆದರೆ ಒಳಗಿನಿಂದ ಅಕ್ಕ ತಂಗೆವ್ವ ನರಳಿದ್ದು ಕೇಳಿಸಿತು. ನೀರನ್ನು ಅಂಗಳಕ್ಕೆ ಚೆಲ್ಲಿ, ಹಲ್ಲು ಕಚ್ಚಿಕೊಂಡು ಒಳಗೆ ಹೋದ.

ಗೌಡರ ಮಾತಿನಲ್ಲಿ ವಿಷ ಇತ್ತು, ಸುಳ್ಳು ಇರಲಿಲ್ಲ. ಅದೇ ಹೊಳೆಪ್ಪನಿಗೆ ಉರಿದದ್ದು.

ಆ ದವಾಖಾನೆ ಮೊದಲು ಸಂಸ್ಥಾನದ ಕುದುರೆ ಲಾಯವಾಗಿತ್ತು. ಕುದುರೆಗಳು ಹೋದ ಮೇಲೆ ಸುಣ್ಣ ಬಳಿದು ಮಂಚ ಹಾಕಿದರು. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಇನ್ನೂ ಇದ್ದವು; ರೋಗಿಗಳು ಅವಕ್ಕೆ ತಮ್ಮ ಬುತ್ತಿಗಂಟು ತೂಗುಹಾಕುತ್ತಿದ್ದರು. ಮೇಲೆ ಊರಿನ ಎಲ್ಲ ಮನೆಗಳಿಗೂ ಇರುವಂಥದೇ ಮಣ್ಣಿನ ಮಾಳಿಗೆ. ಕೆಳಗೆ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಇಂಥ ಮಾಳಿಗೆಗೆ ಪ್ರತಿ ವರ್ಷ ಮುಂಗಾರಿನ ಮೃಗಾ ಮಳೆಗಿಂತ ಮುಂಚೆ ಹಳ್ಳದ ದಂಡೆಯ ಸವಳು ಮಣ್ಣು ತಂದು ಹಾಕಬೇಕು. ಸವಳು ಮಣ್ಣು ನೀರು ಕುಡಿಯುವುದಿಲ್ಲ. ಹಾಕದಿದ್ದರೆ ಆ ವರ್ಷ ಮನೆಯೊಳಗೇ ಮಳೆ.

ಸಂಸ್ಥಾನದ ಕಾಲದಲ್ಲಿ ದವಾಖಾನೆಗೆ, ಚಾವಡಿಗೆ, ಸಾಲಿಗೆ ಮಣ್ಣು ಹಾಕುವುದು ಊರವರ ಬಿಟ್ಟಿ ಚಾಕರಿ. ತಳವಾರ ಡಂಗುರ ಸಾರಿದನೆಂದರೆ ಕುರುಬರು, ಅಂಬಿಗರು, ಹೊಲೆಯರು, ಮಾದರು ಬುಟ್ಟಿ ಹೊರಲೇಬೇಕು. ಹೊಳೆಪ್ಪನ ಅಪ್ಪ ಸಿದರಾಯ ಮೈಯಲ್ಲಿ ಜ್ವರ ಇಟ್ಟುಕೊಂಡು ಇದೇ ದವಾಖಾನೆಯ ನಿಚ್ಚಣಿಕೆ ಹತ್ತಿ, ಅರ್ಧದಿಂದ ಬಿದ್ದ. ಅವನ ಬಲಗೈ ಆಮೇಲೆ ಭುಜಕ್ಕಿಂತ ಮೇಲೆ ಏಳಲಿಲ್ಲ. ಕುರಿಯ ಉಣ್ಣೆ ಕತ್ತರಿಸುವ ಕೈ ಅದು. ಹೊಳೆಪ್ಪ ಆಗ ನಾಲ್ಕನೇ ಇಯತ್ತೆಯಲ್ಲಿದ್ದ. ಮರುವಾರ ಮಾಸ್ತರರು ಸಾಲಿಯ ಮಾಳಿಗೆಗೆ ಮಣ್ಣು ಹೊರಲು ಹುಡುಗರನ್ನು ಕಳಿಸಿದಾಗ ಇವನು ಬುಟ್ಟಿಯನ್ನು ಅವರ ಕುರ್ಚಿಯ ಮುಂದೆ ಬೋರಲು ಹಾಕಿ ಮನೆಗೆ ಬಂದ. ಮತ್ತೆ ಸಾಲಿಯ ಕಡೆ ತಲೆಯಿಟ್ಟು ಮಲಗಲಿಲ್ಲ.

ಸಂಸ್ಥಾನ ಹೋಯಿತು. ಮುಂಬಯಿ ಸರಕಾರ ಬಂತು. ಬಿಟ್ಟಿ ಇಲ್ಲ ಎಂದು ಕಾಯಿದೆಯಾಯಿತು. ಆದರೂ ಗೌಡರು ಡಂಗುರ ಸಾರಿಸುವುದನ್ನು ಬಿಡಲಿಲ್ಲ, ಜನ ಹೊರುವುದನ್ನು ಬಿಡಲಿಲ್ಲ. ಎರಡು ವರ್ಷದ ಹಿಂದೆ ಮೀಸೆ ಗಟ್ಟಿಯಾದ ಹೊಳೆಪ್ಪ ಚಾವಡಿಯಲ್ಲಿ ಎದ್ದು ನಿಂತು, "ದವಾಖಾನಿ ನಮ್ಮಪ್ಪಂದಲ್ಲ, ಗೌಡರಪ್ಪಂದೂ ಅಲ್ಲ. ಮುಂಬಯಿ ಸರಕಾರದ್ದು. ಮಣ್ಣ ಹಾಕೂ ಗರಜ ಇದ್ರ ಅವರ ಹಾಕ್ಲಿ. ಯಾವನರ ಬುಟ್ಟಿ ಹೊತ್ತರ ಅವನ ಮನೀಗೆ ನಾ ನೀರ ಕುಡ್ಯಾಕ ಬರಾಂಗಿಲ್ಲ," ಎಂದು ಕೂಗಿದ್ದ. ಜನ ಸೀಟಿ ಹೊಡೆದಿದ್ದರು. ಗೌಡರು ಎದ್ದು ಹೋಗಿದ್ದರು. ಆ ದಿನ ಹೊಳೆಪ್ಪ ಊರೊಳಗೆ ಎದೆ ಮುಂದೆ ಮಾಡಿಕೊಂಡು ನಡೆದಿದ್ದ.

ಆಮೇಲೆ ಯಾರೂ ಮಣ್ಣು ಹಾಕಲಿಲ್ಲ. ಊರವರೂ ಹಾಕಲಿಲ್ಲ, ಸರಕಾರವೂ ಹಾಕಲಿಲ್ಲ. ಈ ಕಟ್ಟಡ ಯಾವ ಖಾತೆಗೆ ಸೇರಿದ್ದು ಎಂಬುದೇ ಮೇಲಿನವರಿಗೆ ಇನ್ನೂ ಬಗೆಹರಿದಿರಲಿಲ್ಲ. ಅದು ಬಗೆಹರಿಯುವ ತನಕ ಮಳೆ ಕಾಯುತ್ತದೆಯೇ?

ತಂಗೆವ್ವನ ಕಾಲಿಗೆ ಕುಡಗೋಲು ಬಡಿದದ್ದು ಸಜ್ಜೆ ಕೊಯ್ಯುವಾಗ. ಮೊಣಕಾಲಿನ ಕೆಳಗೆ ಎಲುಬು ಕಾಣುವಷ್ಟು ಹರಿದಿತ್ತು. ಗಂಡ ಸತ್ತು ತವರಿಗೆ ಬಂದವಳು, ಅವ್ವ ಹೋದ ಮೇಲೆ ಹೊಳೆಪ್ಪನನ್ನು ಸಾಕಿದವಳು, ಹಗಲೆಲ್ಲ ಕುರಿಯ ಹಿಂದೆ ನಡೆಯುವವಳು. ಅವಳ ಬದುಕೇ ಕಾಲು. ದಾಕ್ತರರು ತೊಳೆದು ಹೊಲಿಗೆ ಹಾಕಿ, "ಒಂದು ಹನಿ ನೀರು ತಾಕಬಾರದು ನೋಡು," ಎಂದು ಹೇಳಿ, ಆ ದವಾಖಾನೆಯಲ್ಲಿ ಸೋರದೆ ಉಳಿದಿದ್ದ ಒಂದೇ ಒಂದು ಮೂಲೆಯಲ್ಲಿ ಅವಳ ಮಂಚ ಹಾಕಿಸಿದರು. ಅದು ಪಡುವಣ ತುದಿಯ ಮೂಲೆ. ಊರಲ್ಲಿ ಅದಕ್ಕೆ 'ದಾಕ್ತರ ಮೂಲಿ' ಎಂದೇ ಹೆಸರಾಗಿತ್ತು. ಎಲ್ಲರಿಗಿಂತ ಗಂಡಾಂತರದಲ್ಲಿದ್ದವರಿಗೆ ಆ ಮೂಲೆ.

ಮರುದಿನ ಬಾಳವ್ವ ಬಂದಳು. ರಬಕವಿ ಸೀರೆಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಊರೂರು ಮಾರುವ ಜೈನರ ಪಾರಿಸಪ್ಪನ ಹೆಂಡತಿ. ಎರಡು ಕೂಸು ಕಳೆದುಕೊಂಡ ಮೇಲೆ ಹುಟ್ಟಿದ ಗಂಡು ಕೂಸು ಅವಳ ಮಗ್ಗುಲಲ್ಲಿತ್ತು, ಬೆಕ್ಕಿನ ಮರಿಯಷ್ಟು. ಅವಳ ಮಂಚ ಇಟ್ಟಲ್ಲಿ ಸೋರಿತು. ಸರಿಸಿದರು, ಅಲ್ಲೂ ಸೋರಿತು. ಕಂಪೌಂಡರ ಜಿನ್ನಪ್ಪ ಬೆವರು ಒರೆಸಿಕೊಂಡು, "ನಮ್ಮ ದವಾಖಾನ್ಯಾಗ ಪೇಶಂಟಗಿಂತ ಮಂಚಾನ ಹೆಚ್ಚ ತಿರಗತಾವು ನೋಡಪಾ. ಒಂದ ತೂತ ಮುಚ್ಚಿದ್ರ ಇನ್ನೊಂದ ಬಾಯಿ ತೆಗಿತೈತಿ ಇದು," ಎಂದ. ಆಗ ತಂಗೆವ್ವ ತಾನೇ ಎದ್ದು ಕೂತಳು.

"ನನ್ನ ಅತ್ತಾಗ ಸರಸ್ರಿ. ಹಸಗೂಸದು. ಅದರ ನೆತ್ತಿ ಮ್ಯಾಲ ಸೋರಬಾರದು."

"ನಿನ್ನ ಕಾಲ ಬೇ?" ಎಂದು ಹೊಳೆಪ್ಪ ಕಣ್ಣು ಕೆಂಪಗೆ ಮಾಡಿದ.

"ಕಾಲಿಗೆ ಕಂಬಳಿ ಹೊಚ್ಚಿಕೋತೀನಿ. ಸುಮ್ನಿರು ನೀ."

ಕಂಬಳಿ ಎಷ್ಟು ತಡೆದೀತು? ಉತ್ತರಿ ಮಳೆ ಹಗಲೂ ರಾತ್ರಿ ಹಿಡಿದು ಬಡಿಯಿತು. ಕುದಿಸಿದ ಪಟ್ಟಿಗಳು ಒಣಗಲಿಲ್ಲ. ಜಿನ್ನಪ್ಪ ಅವನ್ನು ಒಲೆಯ ಮೇಲೆ ಹಿಡಿದು ಹೊಗೆ ವಾಸನೆ ಬರಿಸಿ ಕಟ್ಟಿದ. ಹತ್ತಿಗೆ ಬೂಷ್ಟು ಬಂತು. ಮೇಲಿನಿಂದ ಬರುವುದು ಬರೀ ನೀರಾಗಿರಲಿಲ್ಲ, ಜಂತಿಯ ಸಂದಿನ ಹಳೆಯ ಮಣ್ಣು ಕರಗಿ ಗಂಜಿಯ ಹಾಗೆ ಬೀಳುತ್ತಿತ್ತು. ತಂಗೆವ್ವನ ಕಾಲು ಬಾತು, ಕೆಂಪೇರಿ, ಮುಟ್ಟಿದರೆ ಸುಡುವ ಹಾಗಾಯಿತು.

ಗೌಡರ ಮಾತು ಕೇಳಿ ಹಲ್ಲು ಕಚ್ಚಿಕೊಂಡು ಒಳಗೆ ಬಂದ ಹೊಳೆಪ್ಪನಿಗೆ ಆ ಕಾಲಿನ ಮುಂದೆ ದಾಕ್ತರರು ನಿಂತದ್ದು ಕಾಣಿಸಿತು. ಧಾರವಾಡದ ಕಡೆಯ ಹುಡುಗ ದಾಕ್ತರ, ಗಡ್ಡ ಬೋಳಿಸಿಕೊಳ್ಳಲೂ ಪುರಸೊತ್ತಿಲ್ಲದವರು.

"ಹೊಳೆಪ್ಪಾ, ಒಳಗ ಕೀವು ತುಂಬೇದ. ನಾಳೆ ಮುಂಜಾನೆ ಕೊಯ್ದು ತೆಗೀಬೇಕು. ತಡ ಆದ್ರ ಕಾಲು ಉಳಿಯೂದಿಲ್ಲ. ಇನ್ನೂ ತಡ ಆದ್ರ..." ದಾಕ್ತರರು ತಂಗೆವ್ವನ ಮುಖ ನೋಡಿ ಮಾತು ನಿಲ್ಲಿಸಿದರು.

"ನಾಳೆ ಯಾಕ್ರಿ? ಈಗ ಕೊಯ್ರಿ!"

ದಾಕ್ತರರು ಅವನನ್ನು ಮೂಡಣ ತುದಿಯ ಕೋಣೆಗೆ ಕರೆದೊಯ್ದರು. ಹಿಂದೆ ಜೀನು ಲಗಾಮು ಇಡುತ್ತಿದ್ದ ಕೋಣೆ, ಈಗ ಶಸ್ತ್ರಕ್ರಿಯೆಯದು. ಮೇಜಿನ ಮೇಲೆ ಮೇಣಗಪ್ಪಡ ಹೊದಿಸಿದ್ದರು. ಮೇಣಗಪ್ಪಡದ ಮೇಲೆ ಕೆಸರು ನೀರು ಮಡುಗಟ್ಟಿತ್ತು. ಅವರು ನೋಡುತ್ತಿದ್ದಂತೆಯೇ ಒಂದು ಹೆಂಟೆ ಕಳಚಿ ಅದರಲ್ಲಿ ಪಚಕ್ಕನೆ ಬಿತ್ತು.

"ತೆರೆದ ಗಾಯದಾಗ ಇದು ಬಿದ್ರ? ನೂರು ವರ್ಷದ ಕುದುರಿ ಲದ್ದಿ ಕೂಡೇದ ಈ ಮಣ್ಣಾಗ. ಧನುರ್ವಾಯು ಆಗಿ ಸಾಯ್ತಾಳ. ನನಗ ಮತ್ತೇನೂ ಬ್ಯಾಡ, ಈ ಒಂದು ಕೋಲಿ ಅರ್ಧ ದಿನ ಸೋರದಂಗ ಇದ್ರ ಸಾಕು."

"ನಮ್ಮನಿ ಸೋರೂದಿಲ್ರಿ. ವರ್ಷಾ ಕೆತ್ತಿ ಕೆತ್ತಿ ಮಣ್ಣ ಹಾಕ್ತೇನಿ. ಅಲ್ಲೇ ಕೊಯ್ರಿ."

"ಕತ್ತಲಿ ಕೋಣೆ, ಹೊಗಿ, ಬಾಗಲಿಗೇ ಕುರಿ. ಹ್ಯಾಂಗ ಕೊಯ್ಲಪಾ?"

"ಮಿರಜದ ದೊಡ್ಡ ದವಾಖಾನಿಗೆ ಒಯ್ತೇನ್ರಿ."

"ಹಳ್ಳ ಬಂದಾವ. ಜಮಖಂಡಿ ಮೋಟಾರೇ ನಿಂತದ."

ಹೊಳೆಪ್ಪ ಮೇಲೆ ನೋಡಿದ. ಮೋಡ ಸ್ವಲ್ಪ ಸರಿದಿತ್ತು, ಬೆಳಕಿಂಡಿಯಿಂದ ಬಿಳಿ ಬೆಳಕು ಬೀಳುತ್ತಿತ್ತು. ಅಪ್ಪ ಬಿದ್ದ ನಿಚ್ಚಣಿಕೆ ಹೊರಗೆ ಹಿಂದಿನ ಗೋಡೆಗೆ ಇನ್ನೂ ಒರಗಿಕೊಂಡೇ ಇತ್ತು. ಅವನು ಎಂದೂ ಹತ್ತುವುದಿಲ್ಲ ಎಂದು ಆಣೆ ಮಾಡಿದ್ದ ನಿಚ್ಚಣಿಕೆ.

ಮೊದಲು ಗೆಳೆಯರ ಕಡೆ ಓಡಿದ. ಹಣಮಪ್ಪ ಚಾವಡಿ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಅವತ್ತು ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದವನು ಇವನೇ.

"ದವಾಖಾನಿ ಮಾಳಗಿಗೆ ಮಣ್ಣ ಹಾಕಬೇಕೋ. ಒಂದೀಟ ಕೈ ಹಚ್ಚು ಬಾ."

ಹಣಮಪ್ಪ ಹೊಗೆ ಬಿಟ್ಟ. "ನೀ ನಮ್ಮನೀಗೆ ನೀರ ಕುಡ್ಯಾಕ ಬರಾಂಗಿಲ್ಲಲ್ಲೋ ಆಮ್ಯಾಲ?"

"ಚ್ಯಾಷ್ಟಿ ಸಾಕು. ಅಕ್ಕನ ಕಾಲ ಹೋಗ್ತೈತಿ."

"ಇವತ್ತ ನಿಮ್ಮಕ್ಕ ಅಂತ ಹಾಕಿದ್ವಿ ಅಂದ್ರ, ಮುಂದಿನ ಮೃಗಾಕ್ಕ ಗೌಡ ಮತ್ತ ಡಂಗುರ ಹೊಡಸ್ತಾನ. ನೀನ ಹೇಳಿ ಕೊಟ್ಟದ್ದಪಾ ಇದು. ನಾ ಏನ್ ಮಾಡ್ಲಿ?"

ಉಳಿದವರು ಇಷ್ಟನ್ನೂ ಹೇಳಲಿಲ್ಲ. ಒಬ್ಬನಿಗೆ ನಡು ಹಿಡಿದಿತ್ತು, ಒಬ್ಬನ ಎತ್ತು ಕುಂಟುತ್ತಿತ್ತು. ಹೊಳೆಪ್ಪ ಗುದ್ದಲಿ, ಸಲಿಕೆ, ಬುಟ್ಟಿ ಬಂಡಿಗೆ ಹಾಕಿಕೊಂಡು ಒಬ್ಬನೇ ಹಳ್ಳದ ದಂಡೆಗೆ ಹೋದ. ಎಲ್ಲರನ್ನೂ ಬಾಯಿಗೆ ಬಂದಂತೆ ಬಯ್ಯುತ್ತ ಬಂಡಿ ತುಂಬಿದ. ಗೌಡನನ್ನು ಬಯ್ದ, ಹಣಮಪ್ಪನನ್ನು ಬಯ್ದ, ಮುಂಬಯಿಯಲ್ಲಿ ಕೂತು ಕಟ್ಟಡಗಳನ್ನು ಹಂಚಿಕೊಳ್ಳುವವರನ್ನು ಬಯ್ದ. ಬಯ್ಯದೆ ಬಿಟ್ಟದ್ದು ಒಬ್ಬನನ್ನೇ, ಅವನೇ ಸಲಿಕೆ ಹಿಡಿದಿದ್ದ.

ಬಂಡಿ ದವಾಖಾನೆಯ ಹಿಂದೆ ಬಂದು ನಿಂತಾಗ ಪಾರಿಸಪ್ಪ ಧೋತರ ಮೇಲಕ್ಕೆ ಕಟ್ಟಿಕೊಂಡು ನಿಂತಿದ್ದ. ಜಿನ್ನಪ್ಪ ಅವನಿಗೆ ಸುದ್ದಿ ಮುಟ್ಟಿಸಿದ್ದ.

"ನೀವ್ಯಾಕ್ರಿ ಸಾವಕಾರ? ಸೀರಿ ಹೊರೂ ಮಂದಿ ನೀವು," ಎಂದ ಹೊಳೆಪ್ಪ.

"ಸಾವಕಾರ ಅನಬ್ಯಾಡೋ, ಸೈಕಲ್ಲಿಗೆ ಗಾಳಿ ಹಾಕಿಸಾಕ ತ್ರಾಸ ಆಗೈತಿ ನನಗ. ನಿಮ್ಮಕ್ಕ ತನ್ನ ಜಾಗಾ ನಮ್ಮ ಕೂಸಿಗಿ ಕೊಟ್ಟಾಳ. ಹಿಡಿ, ನಾ ನಿಚ್ಚಣಿಕಿ ಮ್ಯಾಲ ನಿಂದರ್ತೇನಿ, ಬುಟ್ಟಿ ಏರಿಸಿ ಕೊಡ್ತೇನಿ. ಮ್ಯಾಲ ನೀ ನೋಡ್ಕೊ."

ಹಾಗೆ ಶುರುವಾಯಿತು. ಪಾರಿಸಪ್ಪ ಪ್ರತಿ ಬುಟ್ಟಿಯನ್ನೂ ಒಂದು ಸಲ ಅಲುಗಾಡಿಸಿ, ಬಗ್ಗಿ ನೋಡಿ ಕೊಡುತ್ತಿದ್ದ.

"ಏನ ನೋಡ್ತೀರಿ ಅದರಾಗ?"

"ಇರುವಿ ಅದಾವೋ. ಕೆಳಗ ಇಳೀಲಿ, ಪಾಪ."

"ಇರುವಿ ಇಳಿಸ್ಕೊಂತ ಕುಂತ್ರ ಮಳಿ ಬಂದು ನಾವೂ ಇಳಿಬೇಕಾಗತೈತಿ! ಕೊಡ್ರಿ ಲಗೂನ." ಎಷ್ಟೋ ದಿನದ ಮೇಲೆ ಹೊಳೆಪ್ಪನಿಗೆ ನಗು ಬಂದಿತ್ತು.

ಆದರೆ ಮಾಳಿಗೆ ಮೇಲಿನದನ್ನು ನೋಡಿ ಆ ನಗು ನಿಂತಿತು. ಮನೆಯ ಮಾಳಿಗೆಯಾದರೆ ಹಳೆಯ ಮಣ್ಣನ್ನು ಕೆತ್ತಿ ತೆಗೆದು, ಇಳಿಜಾರು ನೋಡಿ, ಹೊಸದು ಹಾಕಿ, ಬಡಿದು ಗಟ್ಟಿ ಮಾಡುತ್ತಾರೆ. ಇಲ್ಲಿ ಅದೇನೂ ಆಗಿರಲಿಲ್ಲ. ಗುದ್ದಲಿ ಹಾಕಿದರೆ ಪದರಿನ ಮೇಲೆ ಪದರು, ಪ್ರತಿ ವರ್ಷದ ಮಣ್ಣು ಹಿಂದಿನ ವರ್ಷದ ಮಣ್ಣಿನ ಮೇಲೆ ಗುಪ್ಪೆಗುಪ್ಪೆಯಾಗಿ ಕೂತಿತ್ತು. ನಡುವೆ ಹುಲ್ಲು, ಹುಲ್ಲಿನ ಬೇರಿನ ಗುಂಟ ನೀರಿನ ದಾರಿ. ಹೊಳೆಪ್ಪನಿಗೆ ತಿಳಿಯಿತು. ಬಿಟ್ಟಿಗೆ ಬಂದವರು ಮಾಳಿಗೆಗೆ ಮಣ್ಣು ಹಾಕಿರಲಿಲ್ಲ. ಗೌಡನ ಮೇಲಿನ, ಸಂಸ್ಥಾನದ ಮೇಲಿನ ಸಿಟ್ಟನ್ನು ಬುಟ್ಟಿ ಬುಟ್ಟಿ ತಂದು ಇಲ್ಲಿ ಒಗೆದು ಹೋಗಿದ್ದರು. ಅವನ ಅಪ್ಪನೂ ಒಗೆದಿದ್ದ. ಅದೆಲ್ಲ ಇಲ್ಲೇ ಕೂತು ತೊಲೆಗಳನ್ನು ಬಗ್ಗಿಸಿತ್ತು.

ಎಲ್ಲವನ್ನೂ ಕೆತ್ತಿ ತೆಗೆಯಲು ಹತ್ತಾಳು ಬೇಕು, ವಾರವೆಲ್ಲ ಬಿಸಿಲು ಬೇಕು. ಪಡುವಣದಲ್ಲಿ ಆಗಲೇ ಮತ್ತೊಂದು ಮೋಡ ಕರ್ರಗೆ ಏಳುತ್ತಿತ್ತು. ಶಸ್ತ್ರಕ್ರಿಯೆಯ ಕೋಣೆಯ ಮೇಲಿನಷ್ಟನ್ನು ಮಾತ್ರ ಅವನು ಕೆತ್ತಿದ, ಹೊಸ ಮಣ್ಣು ಹಾಕಿದ, ಬಡಿಗೆಯಿಂದ ಬಡಿದ. ಆದರೆ ಮಾಳಿಗೆ ಉದ್ದಕ್ಕೂ ಒಂದೇ. ಉಳಿದ ಕಡೆಯ ನೀರು ಹರಿದು ಇಲ್ಲಿಗೇ ಬರುತ್ತದೆ. ಅದಕ್ಕೆ ಏನು ಮಾಡಬೇಕು ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಹೊಲದಲ್ಲಿ ಏನು ಮಾಡುತ್ತಾರೋ ಅದು. ಒಡ್ಡು.

ಕೋಣೆಯ ಮೇಲಿನ ಭಾಗಕ್ಕೆ ಸುತ್ತಲೂ ಗೇಣೆತ್ತರದ ಒಡ್ಡು ಕಟ್ಟಿದ. ಕಾಲಿನಿಂದ ತುಳಿದು, ಅಂಗೈಯಿಂದ ಸವರಿ ನುಣುಪು ಮಾಡಿದ. ಚೊಲೋ ಒಡ್ಡು. ನಿಂತು ನೋಡಿದ. ಈ ಕಡೆ ಬರುವ ನೀರು ಇಲ್ಲಿ ತಡೆದು, ತಿರುಗಿ, ಪಡುವಣ ತುದಿಗೆ ಹೋಗುತ್ತದೆ. ಹೋಗಲಿ. ಅಲ್ಲಿ ನೀರು ಹೊರಗೆ ಬೀಳಲು ಕಲ್ಲಿನ ದೋಣಿ ಇತ್ತು. ದೂರದಿಂದ ಅದರ ಬಾಯಿ ಹುಲ್ಲಿನಲ್ಲಿ ಮುಚ್ಚಿದಂತೆ ಕಾಣುತ್ತಿತ್ತು. ಹೋಗಿ ಒಮ್ಮೆ ಕೈ ಹಾಕಿ ನೋಡಬೇಕು ಎಂದುಕೊಂಡ.

ತನ್ನ ಹೊಲದ ನೀರನ್ನು ಒಡ್ಡು ಹಾಕಿ ತಿರುಗಿಸಿದರೆ ಅದು ಮಗ್ಗುಲಿನವನ ಹೊಲಕ್ಕೆ ಹೋಗುತ್ತದೆ. ಆ ಸೀಮೆಯಲ್ಲಿ ತಲೆ ಒಡೆದಾಟಗಳೆಲ್ಲ ಹುಟ್ಟುವುದು ಇದರಿಂದಲೇ. ಹೊಳೆಪ್ಪನಿಗೆ ಅದು ಗೊತ್ತಿರಲಿಲ್ಲ ಎಂದಲ್ಲ.

"ಹೊಳೆಪ್ಪಾ, ಹೊತ್ತ ಮುಳಗಾಕತ್ತೈತೋ. ನಾ ಉಣಬೇಕು, ಆಮ್ಯಾಲ ಉಣ್ಣಾಂಗಿಲ್ಲ ನಾವು. ಆತಿಲ್ಲೋ?" ಎಂದು ನಿಚ್ಚಣಿಕೆಯಿಂದ ಪಾರಿಸಪ್ಪ ಕೂಗಿದ. ದಪ್ಪ ಹನಿ ನಾಲ್ಕು ಹೊಳೆಪ್ಪನ ಬೆನ್ನ ಮೇಲೆ ಬಿದ್ದವು. ಅವನು ದೋಣಿಯ ಕಡೆ ಒಮ್ಮೆ ನೋಡಿದ, ಕೋಣೆಯ ಕಡೆ ಒಮ್ಮೆ ನೋಡಿದ. ಅಕ್ಕನ ಕಾಲು ಕಣ್ಣ ಮುಂದೆ ಬಂತು.

"ಆತ್ರಿ," ಎಂದು ಇಳಿದ.

ಮಳೆ ಬಡಿಯಿತು, ಬೆಳಕು ಹರಿಯುವ ತನಕ ಬಡಿಯಿತು. ಮುಂಜಾನೆ ಜಿನ್ನಪ್ಪ ಕೋಣೆಯ ಬಾಗಿಲು ತೆರೆದು, ಮೇಜನ್ನು ಅಂಗೈಯಿಂದ ಸವರಿ, ಅಂಗೈಯನ್ನು ಹೊಳೆಪ್ಪನ ಮುಖದ ಮುಂದೆ ಹಿಡಿದ. ಒಣಗಿತ್ತು.

"ಮಗನ, ನಿನ್ನ ಕೈಯಾಗ ಏನೈತೋ! ನಾ ಬಂದಾಗಿಂದ ಈ ಕೋಲಿ ಇಷ್ಟ ಒಣಗಿದ್ದ ನೋಡಿಲ್ಲ."

ದಾಕ್ತರರು ತಂಗೆವ್ವನನ್ನು ಮೇಜಿನ ಮೇಲೆ ಮಲಗಿಸಿದರು. ಜಿನ್ನಪ್ಪ ಕ್ಲೋರೋಫಾರ್ಮಿನ ಬಟ್ಟೆ ಅವಳ ಮೂಗಿಗೆ ಹಿಡಿದ. ಹೊಳೆಪ್ಪನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಅವನು ಮೇಲೆಯೇ ನೋಡುತ್ತ ನಿಂತ. ಹನಿ ಇಲ್ಲ. ಒಂದು ಹನಿ ಇಲ್ಲ. ಬೀರಪ್ಪಾ, ಬೀರಪ್ಪಾ, ಇದೊಂದು ಕಾಲು ಉಳಿಸು ಎಂದು ಮನದೊಳಗೇ ಕೂಗಿಕೊಂಡ. ಒಳಗಿನಿಂದ ಕೀವಿನ ವಾಸನೆ ಬಂತು. ದಾಕ್ತರರು "ಎಲುಬಿಗಿ ಮುಟ್ಟಿಲ್ಲ. ಉಳೀತದ, ಕಾಲು ಉಳೀತದ," ಎಂದದ್ದು ಕೇಳಿಸಿತು.

ಆಗ ಆ ಸಪ್ಪಳ ಆಯಿತು.

ಪಡುವಣ ತುದಿಯಿಂದ ಬಂತು. ದೊಡ್ಡದೇನಲ್ಲ, ಹಸಿ ಸಗಣಿಯ ದೊಡ್ಡ ಹೆಡಿಗೆಯೊಂದನ್ನು ಎತ್ತರದಿಂದ ಒಗೆದಂತೆ. ಅದರ ಹಿಂದೆಯೇ ನೀರು ಬಿದ್ದ ಸದ್ದು. ಆಮೇಲೆ ಬಾಳವ್ವ ಕಿರುಚಿದಳು.

ಹೊಳೆಪ್ಪ ಓಡಿದ. ದಾಕ್ತರ ಮೂಲೆಯ ಮೇಲೆ ಎರಡು ಜಂತಿ ಮುರಿದು ಆಕಾಶ ಕಾಣುತ್ತಿತ್ತು. ನಿಂತ ನೀರೆಲ್ಲ ಒಮ್ಮೆಗೇ ಸುರಿಯುತ್ತಿತ್ತು. ಮಂಚದ ಮೇಲೆ ಮೊಣಕೈ ಆಳ ಕೆಸರು. ಬಾಳವ್ವ ಅದರೊಳಗಿಂದ ಎದ್ದು ಕೂತು ಎರಡೂ ಕೈಯಿಂದ ಮಗ್ಗುಲಿನ ಕೆಸರನ್ನು ಬಾಚುತ್ತಿದ್ದಳು. ಹೊಳೆಪ್ಪನೂ ಬಾಚಿದ. ಉಗುರು ಕಿತ್ತುಹೋಗುವ ಹಾಗೆ ಬಾಚಿದ. ಕೂಸು ಕೈಗೆ ಸಿಕ್ಕಿತು. ಮೂಗು ಬಾಯಿ ತುಂಬ ಮಣ್ಣು.

"ದಾಕ್ತರ್ರೀ! ಬರ್ರಿ! ಲಗೂ ಬರ್ರಿ!"

"ಹ್ಯಾಂಗ ಬರ್ಲಿ!" ಮೂಡಣ ತುದಿಯಿಂದ ದಾಕ್ತರರ ದನಿ ಬಂತು. ಅದು ಅಳುವವನ ದನಿಯಂತಿತ್ತು. "ರಕ್ತನಾಳ ಹಿಡಕೊಂಡು ನಿಂತೀನಿ! ಬಿಟ್ಟರ ಇವಳು ಹೋಗ್ತಾಳ! ಬಾಯಾಗಿನ ಮಣ್ಣು ತಗಿ, ತಲಿಕೆಳಗ ಮಾಡಿ ಬೆನ್ನ ತಟ್ಟು!"

ಆ ದವಾಖಾನೆಯಲ್ಲಿ ದಾಕ್ತರರು ಒಬ್ಬರು, ಕಂಪೌಂಡರ ಒಬ್ಬ. ಇಬ್ಬರೂ ಒಣಗಿದ ಕೋಣೆಯಲ್ಲಿದ್ದರು. ಹೊಳೆಪ್ಪ ಬೆರಳಿನಿಂದ ಮಣ್ಣು ತೆಗೆದ, ತಲೆಕೆಳಗು ಮಾಡಿ ತಟ್ಟಿದ. ಕುರಿಮರಿ ಹುಟ್ಟಿ ಉಸಿರಾಡದಿದ್ದಾಗ ಮಾಡುವಂತೆ ಮೂಗಿಗೆ ಬಾಯಿ ಹಚ್ಚಿ ಹೀರಿ ಉಗುಳಿದ. ಕೂಸು ಒಮ್ಮೆ ಬಿಕ್ಕಿತು. ತೆಳ್ಳಗೆ ಅತ್ತಿತು. ಪಡಸಾಲೆಯ ಮಂದಿ ಸುತ್ತ ನಿಂತು, "ಉಳೀತು, ಉಳೀತು" ಎಂದರು. ಪಾರಿಸಪ್ಪ ಬಂದು ಅದನ್ನು ತನ್ನ ಅಂಗಿಯೊಳಗೆ ಇಟ್ಟುಕೊಂಡ.

ಮಧ್ಯಾಹ್ನಕ್ಕೆ ಅದು ನೀಲಿಯಾಯಿತು. ದಾಕ್ತರರು ಬಹಳ ಹೊತ್ತು ಕೂತರು, ಸೂಜಿ ಹಾಕಿದರು. ಹೊತ್ತು ಇಳಿಯುವಷ್ಟರಲ್ಲಿ ಕೂಸು ಹೋಯಿತು.

ಮರುದಿನ ಮಳೆ ಹೊಳವಾದಾಗ, ಯಾರೂ ಇಲ್ಲದ್ದು ನೋಡಿ, ಹೊಳೆಪ್ಪ ನಿಚ್ಚಣಿಕೆ ಹತ್ತಿದ. ಅವನ ಒಡ್ಡು ಒಂದು ಕಡೆಯೂ ಕರಗಿರಲಿಲ್ಲ. ಅಂಗೈ ಸವರಿದ ಗುರುತು ಹಾಗೆಯೇ ಇತ್ತು. ಒಡ್ಡಿನ ಆಚೆ, ನೀರು ಹರಿದುಹೋದ ಜಾಡು ಪಡುವಣ ತುದಿಯ ತನಕ ನೇರವಾಗಿ ಕಾಣುತ್ತಿತ್ತು. ಅದರ ಕೊನೆಗೆ ಆ ತೂತು. ತೂತಿನ ಪಕ್ಕಕ್ಕೆ ಕಲ್ಲಿನ ದೋಣಿ. ಕೈ ಹಾಕಿದ. ಒಂದು ಹಿಡಿ ಹುಲ್ಲು, ಅದರ ಹಿಂದೆ ಗುಬ್ಬಿ ಗೂಡು ಕಟ್ಟಿದ ಕಸ. ಎಳೆದರೆ ಬಂತು. ಬೇರೇನೂ ಇರಲಿಲ್ಲ. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಇಳಿದು ಬಂದಾಗ ತಂಗೆವ್ವ ಎಚ್ಚರವಾಗಿದ್ದಳು. ಜ್ವರ ಇಳಿದಿತ್ತು. "ಆ ಮೂಲಿ ನಾ ಕೊಡಬಾರದಿತ್ತೋ ತಮ್ಮಾ," ಎಂದು ಗೋಡೆಯ ಕಡೆ ಹೊರಳಿದಳು. "ನಾ ಅಲ್ಲೇ ಇದ್ದಿದ್ರ ನನ್ನ ಕಾಲ ಅಷ್ಟ ಹೋಗ್ತಿತ್ತು." ನಿನ್ನದಲ್ಲ ಬೇ ತಪ್ಪು ಎಂದು ಹೇಳಲು ಅವನು ಬಾಯಿ ತೆರೆದ. ಹಾಗೆ ಹೇಳಿದರೆ ಯಾರದು ಎಂದೂ ಹೇಳಬೇಕಾಗುತ್ತಿತ್ತು. ನೀರಿನ ತಂಬಿಗೆ ಅವಳ ಕೈಗೆ ಕೊಟ್ಟು ಹೊರಗೆ ಬಂದ.

ಪಡಸಾಲೆ ತುಂಬ ಮಂದಿ. ಮಾಳಿಗೆ ಬಿದ್ದ ಸುದ್ದಿ ಕೇಳಿ ಸುತ್ತಲಿನ ಊರವರೂ ನೋಡಲು ಬಂದಿದ್ದರು. ಅದೇ ಬೆಂಚಿನ ಮೇಲೆ ಅದೇ ಗಿರಮಲ್ಲಪ್ಪಗೌಡರು. ಹೊಳೆಪ್ಪನನ್ನು ಕಂಡವರೇ ಎದ್ದು ನಿಂತು ಅವನ ಭುಜದ ಮೇಲೆ ಕೈ ಇಟ್ಟರು.

"ನ್ವಾಡ್ರಿ ಎಲ್ಲಾರೂ. ಅವತ್ತ ನಾ ಬೈದೆ, ಖರೆ. ಇವತ್ತ ನಾನ ಹೇಳ್ತೇನಿ, ಗಂಡಸಂದ್ರ ಇವನು. ಇವನು ಮಣ್ಣ ಹಾಕಿದ ಕೋಲಿ ಸೋರಲಿಲ್ಲ, ಅಕ್ಕನ ಕಾಲ ಉಳೀತು. ಹಾಕದ ಕಡೆ ಬಿತ್ತು, ಕೂಸ ಹೋತು. ಇದಕಿಂತ ಇನ್ನೇನ ಬೇಕು ನಿಮಗ? ಮುಂದಿನ ಮೃಗಾಕ್ಕ ಮನೀಗೊಂದ ಬುಟ್ಟಿ. ಡಂಗುರ ಬ್ಯಾಡ, ಹೊಳೆಪ್ಪನೇ ಮುಂದ ನಿಂತು ಹಾಕಸ್ತಾನ. ಹೌದಲ್ಲೋ ತಮ್ಮಾ?"

ಮಂದಿ ಹೌದೆಂದು ತಲೆಯಾಡಿಸಿದರು. ಹಣಮಪ್ಪ ನೆಲ ನೋಡುತ್ತಿದ್ದ. ನಿನ್ನೆಯಾಗಿದ್ದರೆ ಹೊಳೆಪ್ಪ ಆ ಕೈಯನ್ನು ಭುಜದಿಂದ ಕಿತ್ತೊಗೆಯುತ್ತಿದ್ದ. ಇದು ಮಣ್ಣು ಹಾಕದೆ ಬಿದ್ದದ್ದಲ್ಲ, ನೀವು ಹೊರಿಸಿ ಹೊರಿಸಿ ಬಗ್ಗಿಸಿದ್ದಕ್ಕೆ ಬಿದ್ದದ್ದು, ಈ ಲಾಯವನ್ನು ಕೆಡವಿ ದವಾಖಾನೆ ಕಟ್ಟಿಸಿರೋ ಎಂದು ಊರು ಕೇಳುವ ಹಾಗೆ ಕೂಗುತ್ತಿದ್ದ. ಆ ಮಾತೆಲ್ಲ ಅವನಲ್ಲಿತ್ತು, ಗಂಟಲ ತನಕ ಬಂದೂ ಇತ್ತು. ಅದರ ಅಡ್ಡಕ್ಕೆ ಆ ಒಂದು ಹಿಡಿ ಹುಲ್ಲು ಸಿಕ್ಕಿಕೊಂಡಿತ್ತು.

ಕಂಬಕ್ಕೆ ಒರಗಿ ಕೂತಿದ್ದ ಪಾರಿಸಪ್ಪ ಎದ್ದು ಬಂದ. ಅವನ ಅಂಗಿಯ ಎದೆಯ ಮೇಲೆ ಮಣ್ಣಿನ ಕಲೆ ಇನ್ನೂ ಇತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಶಯವೂ ಇರಲಿಲ್ಲ. ತನಗೆ ತಿಳಿಯದ ಒಂದು ವಿಷಯವನ್ನು ತಿಳಿದವನ ಹತ್ತಿರ ಕೇಳುವವನ ಹಾಗೆ ಕೇಳಿದ.

"ಹೊಳೆಪ್ಪಣ್ಣಾ, ಮ್ಯಾಲ ಹತ್ತಿದಂವ ನೀ ಒಬ್ಬನ. ನಾ ನಿಚ್ಚಣಿಕಿ ಮ್ಯಾಲ ಇದ್ದೆ, ನನಗ ಕಾಣಲಿಲ್ಲ. ಆ ಮೂಲಿ ಎಂದೂ ಸೋರಿದ್ದಿಲ್ಲಂತ. ಅದರ ಮ್ಯಾಲ ಅಷ್ಟ ನೀರ ಎಲ್ಲಿಂದ ಬಂತೋ?"

ಎಲ್ಲರೂ ಹೊಳೆಪ್ಪನ ಮುಖ ನೋಡಿದರು. ಗೌಡರ ಕೈ ಇನ್ನೂ ಅವನ ಭುಜದ ಮೇಲಿತ್ತು. ಅವನು ಪಾರಿಸಪ್ಪನ ಅಂಗಿಯ ಮೇಲಿನ ಆ ಕಲೆಯನ್ನೇ ನೋಡಿದ. ಆಮೇಲೆ ಭುಜ ಸರಿಸಿ, ಮೆಟ್ಟಿಲು ಇಳಿದು, ಕೆಸರಿನ ಅಂಗಳ ದಾಟಿ, ಹಳ್ಳದ ದಾರಿ ಹಿಡಿದು ನಡೆದುಬಿಟ್ಟ.